ಹೆಸರು ಬರೆಯುವ ಕೈ

ಚೀನೀ ಬರಹದಲ್ಲಿ ಒಂದು ಅಕ್ಷರವಿದೆ. ಬೀಜಿಂಗಿನವರು ಅದನ್ನು ಚೆನ್ ಎಂದು ಓದುತ್ತಾರೆ. ಕ್ಯಾಂಟನ್ ಕಡೆಯವರ ಬಾಯಲ್ಲಿ ಅದು ಚಾನ್. ಫುಜಿಯಾನ್ ಕರಾವಳಿಯ ಹೊಕ್ಕಿಯೆನ್ ಮಾತಿನವರಿಗೆ ತಾನ್. ಹಕ್ಕಾ ಜನಕ್ಕೆ ಚಿನ್. ವಿಯೆಟ್ನಾಮಿನಲ್ಲಿ ತ್ರಾನ್, ಕೊರಿಯಾದಲ್ಲಿ ಜಿನ್. ಅಕ್ಷರ ಒಂದೇ, ಬಾಯಿ ಬೇರೆ ಬೇರೆ. ಇದು ಒಂದು ಮನೆತನದ ಹೆಸರು. ಉತ್ತರ ಕರ್ನಾಟಕದ ಕಡೆ ಅಡ್ಡಹೆಸರು ಅಂತಾರಲ್ಲ, ಅಂಥದು. ಚೀನಾದಲ್ಲಿ ಅತಿ ಹೆಚ್ಚು ಜನಕ್ಕಿರುವ ಮನೆತನದ ಹೆಸರುಗಳಲ್ಲಿ ಇದು ಐದನೆಯದು. ತೈವಾನಿನಲ್ಲಿ ಇದೇ ಮೊದಲನೆಯದು; ಅಲ್ಲಿ ಹತ್ತು ಜನರಲ್ಲಿ ಒಬ್ಬರಾದರೂ ಚೆನ್. ಸಿಂಗಪುರದ ಚೀನೀಯರಲ್ಲಿ ತಾನ್ ಎಂಬುದೇ ಎಲ್ಲಕ್ಕಿಂತ ಹೆಚ್ಚು. ವಿಯೆಟ್ನಾಮಿನಲ್ಲಿ ತ್ರಾನ್‌ಗೆ ಎರಡನೆಯ ಸ್ಥಾನ.

ದೂರದ ದೇಶದ ಒಂದು ಅಡ್ಡಹೆಸರು ಕಟ್ಟಿಕೊಂಡು ನಮಗೇನಾಗಬೇಕು ಎಂದು ಗೆಳೆಯರು ಕೇಳಬಹುದು. ಈ ಹೆಸರು ಊರು ಬಿಟ್ಟು, ಹಡಗು ಹತ್ತಿ, ಬೇರೆಯವರ ತೋಟಕ್ಕೆ, ಬೇರೆಯವರ ಕಾನೂನಿಗೆ, ಬೇರೆಯವರ ರಿಜಿಸ್ಟರಿಗೆ ಬಿದ್ದ ಮೇಲೆ ಅದಕ್ಕೆ ಏನೇನಾಯಿತು ಎಂದು ನೋಡುತ್ತ ಹೋದರೆ ಒಂದು ಪ್ರಶ್ನೆ ನಮ್ಮ ದಾರಿಗೆ ಅಡ್ಡ ನಿಲ್ಲುತ್ತದೆ. ಮನುಷ್ಯನ ಹೆಸರು ಯಾರ ಸ್ವತ್ತು? ಹೊತ್ತವನದೋ, ಕೊಟ್ಟ ಅಪ್ಪ ಅಜ್ಜಂದಿರದೋ, ಬರೆದುಕೊಳ್ಳುವ ಗುಮಾಸ್ತನದೋ? ಹೆಸರು ಬದಲಾದರೆ ಮನುಷ್ಯ ಏನನ್ನು ಕಳಕೊಳ್ಳುತ್ತಾನೆ? ತಾನಾಗಿಯೇ ಬದಲಿಸಿಕೊಂಡರೆ? ಬದಲಿಸು ಎಂದು ಸರಕಾರ ಹೇಳಿದರೆ? ಈ ಮೂರೂ ಒಂದೇ ಅಲ್ಲ ಎಂಬುದು ನಮ್ಮ ವಾದ.

ಮೊದಲು ಹೆಸರಿನ ಹುಟ್ಟು. ಇಂದಿನ ಹೆನಾನ್ ಪ್ರಾಂತ್ಯದ ಹುವಾಯ್ಯಾಂಗ್ ಸುತ್ತಮುತ್ತ ಸುಮಾರು ಮೂರು ಸಾವಿರ ವರ್ಷದ ಹಿಂದೆ ಚೆನ್ ಎಂಬ ಸಣ್ಣ ರಾಜ್ಯವಿತ್ತು. ಜೌ ಅರಸರು ಅದನ್ನು ಮಾನ್ ಎಂಬುವನಿಗೆ ಉಂಬಳಿಯಾಗಿ ಕೊಟ್ಟರಂತೆ. ಅವನು ಪುರಾಣದ ದೊರೆ ಶುನ್‌ನ ವಂಶದವನೆಂದು ಕತೆ. ಆ ಶುನ್ ಯಾರು? ನೆಲ ಉತ್ತು, ಮಡಕೆ ಮಾಡಿ, ಮೀನು ಹಿಡಿದು ಬದುಕುತ್ತಿದ್ದವನು ದೊರೆಯಾದ ಎಂದು ಮೆನ್ಶಿಯಸ್ ಹೇಳುತ್ತಾನೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಚು ಎಂಬ ದೊಡ್ಡ ರಾಜ್ಯ ಈ ಚೆನ್ ರಾಜ್ಯವನ್ನು ನುಂಗಿತು. ನೆಲ ಹೋಯಿತು. ನೆಲ ಕಳಕೊಂಡವರು ನೆಲದ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡು ಚದುರಿದರು. ಅಂದರೆ ಈ ಹೆಸರು ಹುಟ್ಟಿದ್ದೇ ಸೋಲಿನಲ್ಲಿ.

ರಕ್ತ ಶುದ್ಧಿಯ ಮಾತೂ ಇಲ್ಲಿ ನಡೆಯುವುದಿಲ್ಲ. ಐದನೆಯ ಶತಮಾನದ ಕೊನೆಗೆ ಉತ್ತರ ವೇ ಅರಸರು ತಮ್ಮ ಶಿಯೆನ್‌ಬೇ ಕುಲಗಳಿಗೆಲ್ಲ ಚೀನೀ ಹೆಸರು ಹಿಡಿಯಿರಿ ಎಂದು ಅಪ್ಪಣೆ ಮಾಡಿದಾಗ, ಹೌಮೋಚೆನ್ ಎಂಬ ಕುಲದವರು ತಮ್ಮ ಹೆಸರಿನ ಬಾಲ ಮಾತ್ರ ಉಳಿಸಿಕೊಂಡು ಚೆನ್ ಆದರು. ಹುಲ್ಲುಗಾವಲಿನ ಕುದುರೆ ಸವಾರರ ಮಕ್ಕಳೂ ಚೆನ್, ಹೆನಾನಿನ ಒಕ್ಕಲು ಮಕ್ಕಳೂ ಚೆನ್. ಒಂದೇ ಮನೆತನದ ಹೆಸರಿನವರು ಮದುವೆಯಾಗಕೂಡದು ಎಂದು ಹಳೆಯ ಚೀನಾದ ಕಾನೂನಿತ್ತು. ನಮ್ಮ ಹಳ್ಳಿಗಳಲ್ಲಿ ಒಂದೇ ಬೆಡಗಿನವರು ಅಣ್ಣತಂಗಿ ಎನ್ನುವ ಹಾಗೆ. ಆದರೆ ಆ ಅಣ್ಣತಂಗಿಯರ ಅಜ್ಜಂದಿರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಈಗ ಹಡಗಿನ ಕತೆಗೆ ಬರೋಣ.

ಆಫ್ರಿಕಾದಿಂದ ಗುಲಾಮರನ್ನು ತರುವುದು ಕಷ್ಟವಾಗುತ್ತ ಬಂದಾಗ ಕ್ಯೂಬಾದ ಸಕ್ಕರೆ ಧಣಿಗಳಿಗೆ ಬೇರೆ ಮೈಗಳು ಬೇಕಾದವು. 1847ರಿಂದ 1874ರವರೆಗೆ ಸುಮಾರು ಒಂದೂಕಾಲು ಲಕ್ಷ ಚೀನೀಯರನ್ನು ಕ್ಯೂಬಾಕ್ಕೆ ಸಾಗಿಸಿದರು. ಪೆರು ದೇಶಕ್ಕೆ ಹೋದವರು ಹತ್ತಿರ ಹತ್ತಿರ ಒಂದು ಲಕ್ಷ. ಕ್ಯೂಬಾದಲ್ಲಿ ಎಂಟು ವರ್ಷದ ಕರಾರು. ಕರಾರಿನ ಕಾಗದದಲ್ಲಿ, ತೋಟದ ಲೆಕ್ಕದಲ್ಲಿ ಅವರಿಗೆ ಸ್ಪ್ಯಾನಿಷ್ ಹೆಸರು ಬಿತ್ತು. ಚೆನ್ ಹೋಗಿ ಹೊಸೆ ಬಂದ, ಲಿನ್ ಹೋಗಿ ಪೆದ್ರೋ ಬಂದ. ಇವರಿಗೆಲ್ಲ ಸೇರಿ ಇನ್ನೊಂದು ಹೆಸರಿತ್ತು: ಕೂಲಿ. ಈ ಪದ ನಮ್ಮ ದ್ರಾವಿಡ ಭಾಷೆಗಳಿಂದಲೇ ಹೋದದ್ದು ಎಂದು ಹಲವು ವಿದ್ವಾಂಸರ ಮತ. ಗುಜರಾತಿನ ಕೋಳಿ ಜನರಿಂದ ಬಂತು ಎನ್ನುವವರೂ ಉಂಟು. ನಮ್ಮ ಮಾತಿನಲ್ಲಿ ಕೂಲಿ ಎಂದರೆ ದುಡಿದವನ ಕೈಗೆ ಸಂಜೆ ಸಿಗಬೇಕಾದ ಹಣ. ಹಡಗು ಹತ್ತಿದ ಮೇಲೆ ಅದು ಮನುಷ್ಯನ ಹೆಸರಾಯಿತು. ಹಣ ಮಾಯವಾಯಿತು, ಹೆಸರು ಉಳಿಯಿತು! ಚೀನೀಯರು ಆ ಪದವನ್ನು ತಮ್ಮ ಬರಹದಲ್ಲಿ ಬರೆಯುವಾಗ ಎರಡು ಅಕ್ಷರ ಆರಿಸಿಕೊಂಡರು: ಒಂದಕ್ಕೆ ಕಹಿ ಎಂದರ್ಥ, ಇನ್ನೊಂದಕ್ಕೆ ಬಲ. ಕಹಿ ಉಂಡು ದುಡಿಯುವ ತೋಳು. ಇದಕ್ಕಿಂತ ಸರಿಯಾದ ಅನುವಾದವನ್ನು ಯಾವ ಪಂಡಿತನೂ ಮಾಡಲಾರ.

1874ರಲ್ಲಿ ಚೀನಾ ಸರಕಾರ ಕ್ಯೂಬಾಕ್ಕೆ ಒಂದು ವಿಚಾರಣಾ ಆಯೋಗ ಕಳಿಸಿತು. ಅದರ ಮುಖ್ಯಸ್ಥನ ಹೆಸರು ಚೆನ್ ಲಾನ್‌ಬಿನ್. ಕ್ರಾಂತಿಕಾರಿಯೇನಲ್ಲ, ಸಾಮ್ರಾಟನ ನೌಕರ, ಹಳೆಯ ಪರೀಕ್ಷೆ ಪಾಸು ಮಾಡಿದ ದೊಡ್ಡ ಅಧಿಕಾರಿ. ಆದರೆ ಅವನ ಆಯೋಗ ಮಾಡಿದ ಕೆಲಸ ದೊಡ್ಡದು. ತೋಟಗಳಿಗೆ, ಜೈಲುಗಳಿಗೆ, ಓಡಿಹೋಗಿ ಸಿಕ್ಕಿಬಿದ್ದವರನ್ನು ಕೂಡಿಹಾಕಿದ ಕೊಟ್ಟಿಗೆಗಳಿಗೆ ಹೋಗಿ ಕೂತು ಕೇಳಿತು. 1,176 ಹೇಳಿಕೆಗಳನ್ನು ಬರಕೊಂಡಿತು. 85 ಅರ್ಜಿಗಳು ಬಂದವು, ಅವುಗಳಿಗೆ 1,665 ಜನರ ಸಹಿ. ಹತ್ತರಲ್ಲಿ ಎಂಟೊಂಬತ್ತು ಮಂದಿ ತಮ್ಮ ಇಷ್ಟದಿಂದ ಬಂದವರಲ್ಲ, ಮೋಸದಿಂದಲೋ ಬಲಾತ್ಕಾರದಿಂದಲೋ ಬಂದವರು ಎಂದು ಆ ವರದಿ ಹೇಳಿತು. 1877ರಲ್ಲಿ ಸ್ಪೇನಿನ ಜೊತೆ ಒಪ್ಪಂದವಾಗಿ ಈ ವ್ಯಾಪಾರ ಮುಗಿಯಿತು. ನಮ್ಮ ಮನಸ್ಸಿನಲ್ಲಿ ನಿಲ್ಲುವುದು ಇನ್ನೊಂದು ಸಂಗತಿ. ಆ ಹೇಳಿಕೆಗಳ ಜೊತೆ ಹೇಳಿದವರ ಹೆಸರಿದೆ. ಹೊಸೆ ಅಲ್ಲ, ಪೆದ್ರೋ ಅಲ್ಲ. ಅಪ್ಪ ಅಮ್ಮ ಕರೆದ ಹೆಸರು, ತಮ್ಮ ಲಿಪಿಯಲ್ಲಿ. ಬೆನ್ನ ಮೇಲಿನ ಬಾಸುಂಡೆ ತೋರಿಸುವ ಮೊದಲು ಅವರು ತಮ್ಮ ಹೆಸರು ಹೇಳಿದರು. ನ್ಯಾಯ ಕೇಳುವವನು ಮೊದಲು ಹೆಸರುಳ್ಳವನಾಗಬೇಕು. ಹೆಸರಿಲ್ಲದವನ ದೂರನ್ನು ಯಾವ ಕೋರ್ಟೂ ದಾಖಲು ಮಾಡಿಕೊಳ್ಳುವುದಿಲ್ಲ.

ಇನ್ನು ಕೆಲವು ಕಡೆ ಹೆಸರು ಕಿತ್ತುಕೊಳ್ಳಲಿಲ್ಲ, ಕಿವಿ ಕೊಡದೆ ಕೆಡಿಸಿದರು. ಚೀನೀಯರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ದಕ್ಷಿಣ ಚೀನಾದಲ್ಲಿ ಸಲಿಗೆಯಿಂದ ಕರೆಯುವಾಗ ಸ್ವಂತ ಹೆಸರಿನ ಮುಂದೆ ‘ಆ’ ಎಂದು ಸೇರಿಸುತ್ತಾರೆ. ನಾವು ಹೆಸರಿನ ಹಿಂದೆ ಅಣ್ಣ ಹಚ್ಚುವ ಹಾಗೆ. ಹವಾಯಿ ದ್ವೀಪದ ಗುಮಾಸ್ತನಿಗೆ ಇದೆಲ್ಲ ಯಾಕೆ ಬೇಕು? ‘ಆ ಪಿಂಗ್’ ಎಂದು ಕೇಳಿದ್ದನ್ನು ‘ಅಪಾನ’ ಎಂದು ಬರೆದ. ಅದೇ ಅಡ್ಡಹೆಸರಾಗಿ ಮಕ್ಕಳು ಮೊಮ್ಮಕ್ಕಳವರೆಗೂ ಹೋಯಿತು. ಹವಾಯಿಯಲ್ಲಿ ‘ಆ’ಯಿಂದ ಶುರುವಾಗುವ ಎಷ್ಟೋ ಮನೆತನಗಳ ಮೂಲ ಇದು. ಶಾನುಭೋಗರ ಕಡತದಲ್ಲಿ ಅರ್ಧಕ್ಕೇ ನಿಂತ ಹೆಸರುಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊನೊಲುಲು ಪೊಲೀಸಿನಲ್ಲಿ ಚಾಂಗ್ ಅಪಾನ ಎಂಬ ಪತ್ತೇದಾರನಿದ್ದ. ಎದೆಗಾರ, ಕೈಯಲ್ಲಿ ಚಾವಟಿ ಹಿಡಿದು ಓಡಾಡುತ್ತಿದ್ದವನು. ಅವನ ನೆರಳು ಹಿಡಿದು ಅಮೆರಿಕದ ಲೇಖಕ ಅರ್ಲ್ ಡೆರ್ ಬಿಗ್ಗರ್ಸ್ 1925ರಲ್ಲಿ ಚಾರ್ಲಿ ಚಾನ್ ಎಂಬ ಪಾತ್ರ ಕಟ್ಟಿದ. ಸಿನಿಮಾದಲ್ಲಿ ಆ ಚಾನ್ ಆಗಿ ಹೆಸರು ಮಾಡಿದವನು ಸ್ವೀಡನ್ನಿನಲ್ಲಿ ಹುಟ್ಟಿದ ಬಿಳಿಯ ನಟ ವಾರ್ನರ್ ಓಲಂಡ್. ಹೆಸರು ಚೀನೀಯನದು, ಮುಖ ಬಿಳಿಯನದು, ಮಾತು ಮುರುಕಲು ಇಂಗ್ಲಿಷಿನದು. ಎಷ್ಟೋ ಅಮೆರಿಕನ್ನರಿಗೆ ಚಾನ್ ಎಂದರೆ ತಲೆ ಬಾಗಿಸಿ ಗಾದೆ ಹೇಳುವ ಈ ಆಸಾಮಿಯೇ. ನಿಜವಾದ ಚಾನ್‌ಗಳು ಬಟ್ಟೆ ಒಗೆಯುತ್ತಿದ್ದರು, ಹೋಟೆಲಿನಲ್ಲಿ ಬೆಂಕಿಯ ಮುಂದೆ ಬೇಯುತ್ತಿದ್ದರು; ಅವರ ಹೆಸರು ಪರದೆಯ ಮೇಲೆ ನಗೆಪಾಟಲಾಗಿ ದುಡ್ಡು ದುಡಿಯುತ್ತಿತ್ತು.

ಇದಕ್ಕೆ ಎದುರಾಗಿ ಇನ್ನೊಬ್ಬನನ್ನು ನಿಲ್ಲಿಸೋಣ. ತೈಪಿಂಗ್ ಬಂಡಾಯದಲ್ಲಿ ಇದ್ದವನೆಂದು ಹೇಳುವ ಒಬ್ಬ ಚೀನೀಯ ಊರು ಬಿಟ್ಟು ಕೆರಿಬಿಯನ್ ದ್ವೀಪಗಳಿಗೆ ಬಂದ. ಅಲ್ಲಿ ಅವನ ಹೆಸರು ಅಚಾಮ್ ಎಂದಾಯಿತು. ಅವನ ಮಗ 1878ರಲ್ಲಿ ಟ್ರಿನಿಡಾಡಿನಲ್ಲಿ ಹುಟ್ಟಿ, ಓದಿ, ವಕೀಲನಾದ. ಚೀನೀ ಮಾತು ಬಾರದು. ಚೀನಾದ ಕ್ರಾಂತಿಯ ಸುದ್ದಿ ಕೇಳಿ 1912ರಲ್ಲಿ ಅಲ್ಲಿಗೆ ಹೋದ. ಸುನ್ ಯಾತ್-ಸೆನ್‌ರ ಜೊತೆಗಾರನಾದ. ಅಚಾಮ್ ಬಿಟ್ಟು ಚೆನ್ ಎಂಬ ಹೆಸರು ಹಿಡಿದ. ಯೂಜೀನ್ ಚೆನ್. 1927ರಲ್ಲಿ ವುಹಾನ್ ಸರಕಾರದ ವಿದೇಶಾಂಗ ಮಂತ್ರಿಯಾಗಿ, ಹಾಂಕೌ ನಗರದಲ್ಲಿ ಬ್ರಿಟಿಷರು ಇಟ್ಟುಕೊಂಡಿದ್ದ ನೆಲವನ್ನು ಚೀನಾಕ್ಕೆ ಹಿಂದಕ್ಕೆ ಕೊಡಿಸಿದ ಒಪ್ಪಂದಕ್ಕೆ ಸಹಿ ಹಾಕಿದ. ಸಾಮ್ರಾಜ್ಯದ ಮಂದಿಯೊಡನೆ ಅವರದೇ ಇಂಗ್ಲಿಷಿನಲ್ಲಿ ವಾದ ಮಾಡಿ ಗೆದ್ದ. ಸಕ್ಕರೆ ದ್ವೀಪದ ರಿಜಿಸ್ಟರು ಕೆಡಿಸಿದ್ದ ಹೆಸರನ್ನು ತಾನೇ ನೆಟ್ಟಗೆ ಮಾಡಿಕೊಂಡು ಆ ಹೆಸರಿನಲ್ಲೇ ಸಹಿ ಹಾಕಿದ. ಇದೂ ಹೆಸರಿನ ಬದಲಾವಣೆಯೇ. ಆದರೆ ಇಲ್ಲಿ ಲೇಖನಿ ಯಾರ ಕೈಯಲ್ಲಿತ್ತು ನೋಡಿ.

ಮೂರನೆಯ ಬಗೆ ಇನ್ನೂ ತೊಡಕಿನದು. 1882ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ ಚೀನೀ ಕೂಲಿಗಾರರು ಒಳಗೆ ಬರದಂತೆ ಬಾಗಿಲು ಹಾಕಿತು. ವ್ಯಾಪಾರಿ ಬರಬಹುದು, ವಿದ್ಯಾರ್ಥಿ ಬರಬಹುದು, ರಾಯಭಾರಿ ಬರಬಹುದು; ಮೈ ಬಗ್ಗಿಸಿ ದುಡಿಯುವವನು ಮಾತ್ರ ಬರಕೂಡದು. 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾಗಿ ಬೆಂಕಿ ಹತ್ತಿ ಜನನದ ದಾಖಲೆಗಳು ಸುಟ್ಟುಹೋದವು. ಕಾನೂನು ಹಾಕಿದ ಗೋಡೆಯಲ್ಲಿ ಆ ಬೆಂಕಿ ಒಂದು ಕಿಂಡಿ ಮಾಡಿತು. ನಾನು ಇಲ್ಲೇ ಹುಟ್ಟಿದವನು, ಊರಲ್ಲಿ ನನಗೆ ಇಷ್ಟು ಗಂಡು ಮಕ್ಕಳಿದ್ದಾರೆ ಎಂದು ಎಷ್ಟೋ ಚೀನೀಯರು ಬರೆಸಿದರು. ಇಲ್ಲದ ಮಗನ ಹೆಸರು ಕಾಗದದ ಮೇಲೆ ಹುಟ್ಟಿತು. ಆ ಕಾಗದವನ್ನು ಬೇರೊಬ್ಬನ ಮಗ ದುಡ್ಡು ಕೊಟ್ಟು ಕೊಂಡ. ಹೀಗೆ ಬಂದವರಿಗೆ ‘ಕಾಗದದ ಮಕ್ಕಳು’ ಎಂದು ಹೆಸರು. ಹುಟ್ಟಿನಲ್ಲಿ ಚೆನ್ ಆದವನು ಕಾಗದದಲ್ಲಿ ವಾಂಗ್ ಆದ. ಹುಟ್ಟಿನಲ್ಲಿ ಲೀ ಆದವನು ಕಾಗದದಲ್ಲಿ ಚಿನ್ ಆದ.

1910ರಿಂದ 1940ರವರೆಗೆ ಇವರನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಕೂಡಿಹಾಕಿ ವಿಚಾರಣೆ ಮಾಡುತ್ತಿದ್ದರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿಯ ಹರವಿ ಎಲ್ಲಿದೆ? ಬಾವಿ ಮನೆಯಿಂದ ಎಷ್ಟು ದೂರ? ಪಕ್ಕದ ಮನೆಯವನಿಗೆ ಎಷ್ಟು ಮಕ್ಕಳು? ಕಾಗದದ ಅಪ್ಪ ಹೇಳಿದ ಉತ್ತರಕ್ಕೂ ಕಾಗದದ ಮಗ ಹೇಳಿದ ಉತ್ತರಕ್ಕೂ ಹೊಂದಬೇಕು. ಅದಕ್ಕಾಗಿ ಉರುಹೊಡೆಯುವ ಪುಸ್ತಕಗಳೇ ಇದ್ದವು. ದಡ ಸೇರುವ ಮೊದಲು ಅವನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ದಡ ಸೇರಿದ ಮೇಲೆ ಕಾಗದದ ಹೆಸರಿನಲ್ಲೇ ಬದುಕು, ಮದುವೆ, ಮಕ್ಕಳು. ಆ ಕಾನೂನು 1943ರಲ್ಲಿ ರದ್ದಾಯಿತು. ರದ್ದಾದ ಮೇಲೂ ಚೀನೀಯರಿಗೆ ವರ್ಷಕ್ಕೆ 105 ಜಾಗ ಮಾತ್ರ. 1956ರಲ್ಲಿ ಸರಕಾರ ‘ತಪ್ಪೊಪ್ಪಿಕೊಳ್ಳಿ’ ಎಂಬ ಯೋಜನೆ ತಂದಿತು. ಹತ್ತು ವರ್ಷದೊಳಗೆ 13 ಸಾವಿರಕ್ಕೂ ಹೆಚ್ಚು ಜನ ನಿಜ ಹೆಸರು ಹೇಳಿದರು. ಒಬ್ಬ ಒಪ್ಪಿಕೊಂಡರೆ ಅವನ ಕಾಗದದ ಅಣ್ಣತಮ್ಮಂದಿರು ಎಲ್ಲರೂ ಸಿಕ್ಕಿಬೀಳುತ್ತಿದ್ದರು. ಒಪ್ಪಿಕೊಳ್ಳದೆ ಸತ್ತವರೂ ಇದ್ದಾರೆ. ಅವರ ಗೋರಿ ಕಲ್ಲುಗಳಲ್ಲಿ ಕೆಲವದರ ಮೇಲೆ ಇಂಗ್ಲಿಷಿನಲ್ಲಿ ಕಾಗದದ ಹೆಸರಿದೆ, ಚೀನೀ ಲಿಪಿಯಲ್ಲಿ ಹುಟ್ಟಿನ ಹೆಸರಿದೆ. ಬದುಕಿದ್ದಾಗ ಹೇಳಲಾಗದ್ದನ್ನು ಕಲ್ಲಿನ ಬಾಯಲ್ಲಿ ಹೇಳಿಸಿದರು.

ಇವರು ಸುಳ್ಳುಗಾರರೇ? ನೀತಿ ಪಾಠ ಹೇಳುವವರು ಹೌದು ಎನ್ನುತ್ತಾರೆ. ನಾವು ಹಾಗೆ ಹೇಳಲಾರೆವು. ನಿಜ ಹೇಳಬೇಕು ಎಂಬುದು ಇಬ್ಬರ ನಡುವಿನ ಒಪ್ಪಂದ. ಒಬ್ಬನ ನಿಜವನ್ನು ಕೇಳುವ ಮೊದಲೇ, ನೀನು ಹುಟ್ಟಿದ ಕುಲ ಇಂಥದು, ಮಾಡುವ ಕೆಲಸ ಇಂಥದು, ಆದ್ದರಿಂದ ಹೊರಗೆ ನಿಲ್ಲು ಎಂದು ಬರೆದಿಟ್ಟ ಕಾನೂನು ಆ ಒಪ್ಪಂದವನ್ನು ತಾನೇ ಮುರಿದಿರುತ್ತದೆ. ಮುರಿದವರಿಗೆ ಉಳಿದವರ ಸತ್ಯವಂತಿಕೆ ಅಳೆಯುವ ಹಕ್ಕಿಲ್ಲ. ಆದರೆ ಇಲ್ಲಿಗೇ ಬಿಟ್ಟರೆ ಅರ್ಧ ಮಾತಾಗುತ್ತದೆ. ಸುಳ್ಳಿನ ಭಾರ ಹೊತ್ತವರು ಯಾರು? ಕಾನೂನು ಮಾಡಿದವರಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ ಸ್ವಂತ ಮಗನಿಗೂ ತನ್ನ ಹೆಸರು ಹೇಳಲಾಗದ ಅಪ್ಪ ಹೊತ್ತ. ಬಾಗಿಲು ತಟ್ಟಿದ ಸದ್ದಿಗೆಲ್ಲ ಬೆಚ್ಚಿ ಬಿದ್ದ. ಅನ್ಯಾಯದ ಕಾನೂನು ಮನುಷ್ಯನನ್ನು ಹೊರಗಿಡುವುದಷ್ಟೇ ಅಲ್ಲ. ಒಳಗೆ ಬಂದವನನ್ನು ತನ್ನ ಮನೆಯಲ್ಲೇ ಕಳ್ಳನ ಹಾಗೆ ಬದುಕಿಸುತ್ತದೆ. ಆ ಪಾಪದ ಲೆಕ್ಕ ಬರೆಯಬೇಕಾದ್ದು ಕಾನೂನಿನ ಹೆಸರಿಗೆ.

ಇಂಡೋನೇಷ್ಯಾದಲ್ಲಿ ಕತೆ ಇನ್ನೊಂದು ದಿಕ್ಕಿಗೆ ತಿರುಗಿತು. ಅಲ್ಲಿ ಲಕ್ಷಗಟ್ಟಲೆ ಚೀನೀಯರು ತಲೆಮಾರುಗಳಿಂದ ಇದ್ದರು. 1965ರ ರಕ್ತಪಾತದ ನಂತರ ಬಂದ ಸೈನ್ಯದ ಆಡಳಿತ 1966ರ ಡಿಸೆಂಬರಿನಲ್ಲಿ, ಚೀನೀ ಹೆಸರಿನ ಪ್ರಜೆಗಳು ಇಂಡೋನೇಷ್ಯಾದ ಹೆಸರಿಗೆ ಬದಲಾಯಿಸಿಕೊಳ್ಳಲು ಒಂದು ಆದೇಶ ತಂದಿತು. ಕಾಗದದ ಮೇಲೆ ಅದು ಸೌಲಭ್ಯ. ಬೀದಿಯಲ್ಲಿ ಅದು ಬೆದರಿಕೆ. 1967ರಲ್ಲಿ ಚೀನೀ ಹಬ್ಬ, ಆಚರಣೆಗಳನ್ನು ಸಾರ್ವಜನಿಕವಾಗಿ ಮಾಡದಂತೆ ಇನ್ನೊಂದು ಆಜ್ಞೆ. ತಾನ್‌ಗಳು ತನುವಿಜಯ, ಸುತಾಂತೋ, ಹರ್ತಾಂತೋ ಆದರು. ನೋಡಿ, ಹೊಸ ಹೆಸರಿನ ಹೊಟ್ಟೆಯೊಳಗೆ ಹಳೆಯ ‘ತಾನ್’ ಅನ್ನು ಬಚ್ಚಿಟ್ಟುಕೊಂಡರು! ಬ್ಯಾಡ್ಮಿಂಟನ್ ಬಲ್ಲವರಿಗೆ ತಾನ್ ಜೋ ಹೋಕ್ ಗೊತ್ತು. 1958ರಲ್ಲಿ ಇಂಡೋನೇಷ್ಯಾಕ್ಕೆ ಮೊದಲ ಥಾಮಸ್ ಕಪ್ ಗೆದ್ದುಕೊಟ್ಟ ತಂಡದ ಆಟಗಾರ. 1959ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಇಂಡೋನೇಷ್ಯನ್. ದೇಶದ ಬಾವುಟ ಏರಿಸಿದ ಆ ತಾನ್ ಕೂಡ ಹೇಂದ್ರ ಕರ್ತನಗರ ಆಗಬೇಕಾಯಿತು. ದೇಶಕ್ಕೆ ಅವನ ಕಪ್ ಬೇಕು, ಅವನ ಅಪ್ಪನ ಹೆಸರು ಬೇಡ. 1967ರ ಆಜ್ಞೆ ರದ್ದಾದದ್ದು 2000ದಲ್ಲಿ, ಅಬ್ದುರ್ರಹಮಾನ್ ವಾಹಿದ್ ಅಧ್ಯಕ್ಷರಾಗಿದ್ದಾಗ. ಆಮೇಲೆ ಕೆಲವರು ಹಳೆಯ ಹೆಸರಿಗೆ ಮರಳಿದರು; ಹಲವರು ಹೊಸದರಲ್ಲೇ ಉಳಿದರು. ಇಬ್ಬರೂ ಸರಿ. ಮರಳುವ ಬಾಗಿಲು ತೆರೆದಿರಬೇಕು, ಅಷ್ಟೇ. ಎಲ್ಲರೂ ಅದರಲ್ಲಿ ನುಗ್ಗಲೇಬೇಕೆಂದಿಲ್ಲ.

ನಮ್ಮೊಳಗೇ ಒಂದು ಆಕ್ಷೇಪಣೆ ಉಂಟು. ಹೊಟ್ಟೆ ತುಂಬದವನಿಗೆ ಹೆಸರಿನ ಚಿಂತೆ ಯಾಕ್ರೀ? ಹೆಸರು, ಕುಲ, ಬೇರು ಎಂದು ಹಾಡುವುದೆಲ್ಲ ಉಂಡವರ ಹಾಡು ಎಂದು ಗೆಳೆಯರು ಹೇಳುತ್ತಾರೆ. ಈ ಮಾತಿನಲ್ಲಿ ನಿಜವಿದೆ, ಆ ನಿಜವನ್ನು ಈ ಹೆಸರಿನ ಚರಿತ್ರೆಯೇ ತೋರಿಸುತ್ತದೆ. ಕ್ಯಾಂಟನ್ನಿನಲ್ಲಿ 1894ರಲ್ಲಿ ಮುಗಿದ ಚೆನ್ ಕುಲದ ದೊಡ್ಡ ಮಂದಿರವಿದೆ. ಗ್ವಾಂಗ್‌ಡಾಂಗಿನ 72 ಜಿಲ್ಲೆಗಳ ಚೆನ್‌ಗಳು ಚಂದಾ ಎತ್ತಿ ಕಟ್ಟಿದ್ದು. ಚಂದಾ ಕೊಟ್ಟವರ ಹಿರಿಯರ ಹೆಸರಿನ ಹಲಗೆಗಳಿಗೆ ಒಳಗೆ ಜಾಗ. ಕೊಡಲಾಗದ ಚೆನ್‌ನ ಅಜ್ಜ? ಅವನಿಗೆ ಹಲಗೆ ಇಲ್ಲ. ಸಿಂಗಪುರದಲ್ಲಿ ತಾನ್ ಕುಲದ ಗುಡಿ ಕಟ್ಟಿಸಿದವರು ದೊಡ್ಡ ವ್ಯಾಪಾರಿಗಳು. ತಾನ್ ಕಾ ಕೀ ರಬ್ಬರಿನಲ್ಲಿ ಐಶ್ವರ್ಯ ಗಳಿಸಿ 1921ರಲ್ಲಿ ಶಿಯಾಮೆನ್ ವಿಶ್ವವಿದ್ಯಾಲಯ ತೆರೆದ; ಅದು ದೊಡ್ಡ ಕೆಲಸವೇ. ಆದರೆ ರಬ್ಬರ್ ಮರಕ್ಕೆ ಬೆಳಗಿನ ಜಾವ ಗೀರು ಹಾಕಿದ ಕೂಲಿಯ ಅಡ್ಡಹೆಸರೂ ತಾನ್ ಎಂದಮಾತ್ರಕ್ಕೆ ಧಣಿಯ ಮನೆಯಲ್ಲಿ ಅವನಿಗೆ ಪಾಲು ಬರಲಿಲ್ಲ. ಒಂದೇ ಹೆಸರು ಎಂದರೆ ಒಂದೇ ಪಂಕ್ತಿ ಅಲ್ಲ.

ಹೆಣ್ಣಿನ ಮಾತು ಬೇರೆ. ಚೀನಾದಲ್ಲಿ ಮದುವೆಯಾದ ಹೆಣ್ಣು ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ ಎಂದು ಹೊಗಳುವವರಿದ್ದಾರೆ. ಹಳೆಯ ವಂಶಾವಳಿ ಪುಸ್ತಕಗಳನ್ನು ತೆರೆದರೆ ಸೊಸೆ ಬರೀ ‘ಚೆನ್ ಶಿ’. ಅಂದರೆ ಚೆನ್ ಮನೆಯವಳು. ಅವಳ ಸ್ವಂತ ಹೆಸರಿಗೆ ಗೆರೆ ಇಲ್ಲ. ಸಾಮಾನ್ಯವಾಗಿ ಮಗಳಂತೂ ಪುಸ್ತಕದೊಳಕ್ಕೇ ಬರುವುದಿಲ್ಲ. ಗಂಡಸರ ಇಪ್ಪತ್ತು ತಲೆಮಾರು ಸಾಲಾಗಿ ನಿಂತಿದೆ. ಹೆತ್ತವಳ ಹೆಸರು ಹೆತ್ತ ಮನೆಯಲ್ಲೇ ಇಲ್ಲ!

ಇನ್ನೂ ಒಂದು ಕಹಿ ಉಂಟು. ಫುಜಿಯಾನಿನಿಂದ ಬಂದು ಕೆಂಪು ನದಿಯ ಬಯಲಲ್ಲಿ ಮೀನು ಹಿಡಿದು ಬದುಕಿದ ಮನೆತನವೊಂದು 1225ರಲ್ಲಿ ವಿಯೆಟ್ನಾಮಿನ ಸಿಂಹಾಸನ ಹತ್ತಿತು. ಅದೇ ತ್ರಾನ್ ವಂಶ. ಮಂಗೋಲರ ಸೈನ್ಯವನ್ನು ಮೂರು ಸಲ ಹಿಮ್ಮೆಟ್ಟಿಸಿದ ವಂಶ. ಹತ್ತಿದ ಮೇಲೆ ಏನು ಮಾಡಿದರು? 1232ರಲ್ಲಿ, ತಾವು ಕೆಳಗಿಳಿಸಿದ ಲೀ ರಾಜವಂಶದ ಹೆಸರು ಹೊತ್ತವರೆಲ್ಲ ನ್ಗುಯೆನ್ ಎಂದು ಹೆಸರು ಬದಲಿಸಿಕೊಳ್ಳಬೇಕು ಎಂದು ಆಜ್ಞೆ ಹೊರಡಿಸಿದರು. ಜಕಾರ್ತಾದಲ್ಲಿ ತಾನ್‌ಗಳಿಗೆ ಆದದ್ದನ್ನು ಏಳು ನೂರು ವರ್ಷ ಮೊದಲೇ ತ್ರಾನ್‌ಗಳು ಬೇರೆಯವರಿಗೆ ಮಾಡಿದ್ದರು. ಅಕ್ಷರ ಅದೇ. ಹಾಗಾದರೆ ದೋಷ ಹೆಸರಿನಲ್ಲಿಲ್ಲ, ಕುಲದಲ್ಲೂ ಇಲ್ಲ. ದೋಷ ಇರುವುದು ಕುರ್ಚಿಯಲ್ಲಿ. ಬೇರೆಯವನ ಬಾಯಿಂದ ಅವನ ಹೆಸರನ್ನು ಕಿತ್ತು ತನಗೆ ಬೇಕಾದ್ದನ್ನು ತುರುಕುವ ಅಧಿಕಾರದಲ್ಲಿ. ನಿನ್ನೆ ಹೆಸರು ಕಳಕೊಂಡವನು ನಾಳೆ ಆ ಕುರ್ಚಿಯಲ್ಲಿ ಕೂತು ಇದನ್ನೇ ಮಾಡಬಲ್ಲ. ಹೋರಾಟಗಾರರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮಾತಿದು.

ನಮ್ಮ ದೇಶದ ಕೈಯೂ ತೊಳೆದದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ವಾರನ್ ಹೇಸ್ಟಿಂಗ್ಸ್‌ನಿಂದ ನೆಲ ಪಡೆದು ಕಲ್ಕತ್ತೆಯ ಹತ್ತಿರ ಸಕ್ಕರೆ ಮಾಡಿದ ಚೀನೀಯನನ್ನು ಇಂಗ್ಲಿಷರು ಅಚ್ಯೂ ಎಂದು ಬರೆದರು. ಆ ‘ಅ’ ಇಲ್ಲೂ ಬಂತು ನೋಡಿ. ಅವನ ಊರು ಇಂದಿಗೂ ಅಚಿಪುರ. ಆಮೇಲೆ ಗ್ವಾಂಗ್‌ಡಾಂಗಿನ ಮೇಶಿಯನ್ ಕಡೆಯ ಹಕ್ಕಾ ಜನ ಬಂದು ಕಲ್ಕತ್ತೆಯ ತಾಂಗ್ರಾದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ ಹಾಕಿದರು; ಚೆನ್, ಲೀ, ಲಿಯು ಮುಂತಾದ ಮನೆತನದವರು. ಮೇಲುಜಾತಿಯವರು ಮುಟ್ಟದ ಕೆಲಸವಾದ್ದರಿಂದ ಪರದೇಶಿಗಳಿಗೆ ಅಲ್ಲಿ ಜಾಗ ಸಿಕ್ಕಿತು. ತೊಗಲು ಹೊತ್ತು, ಸುಣ್ಣದ ಗುಂಡಿಗೆ ಇಳಿದವರು ಬಹುಪಾಲು ಬಿಹಾರದ ಚಮ್ಮಾರರು. ಧಣಿಗೂ ಆಳಿಗೂ ಒಂದೇ ತೊಗಲಿನ ವಾಸನೆ. ಕೂಲಿ ಮಾತ್ರ ಒಂದೇ ಅಲ್ಲ. 1962ರ ಯುದ್ಧ ಬಂದಾಗ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಇವರಲ್ಲಿ ಒಬ್ಬರು ಚೀನಾದ ಪ್ರಜೆಯಾಗಿದ್ದರೆ ಸಾಕು, ಹಿಡಿದು ಒಳಗೆ ಹಾಕಬಹುದು ಎಂದು ಸರಕಾರ ಕಾನೂನು ಮಾಡಿತು. ಅಸ್ಸಾಂ, ಬಂಗಾಳಗಳಿಂದ ಸುಮಾರು 3 ಸಾವಿರ ಜನರನ್ನು ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಒಯ್ದರು. ಹೆಂಗಸರು, ಮಕ್ಕಳು, ಮುದುಕರು, ಇಲ್ಲೇ ಹುಟ್ಟಿದವರು. ಕೆಲವರು ಅಲ್ಲಿ ವರ್ಷಗಟ್ಟಲೆ ಕೊಳೆತರು. ಅವರು ಮಾಡಿದ ತಪ್ಪು ಅವರ ಹೆಸರು ಮತ್ತು ಮುಖ.

ಇನ್ನೂ ಹತ್ತಿರ ಬರೋಣ. ಮೈಸೂರಿನಿಂದ ಗೂಡಲೂರು ದಾಟಿ ಊಟಿಗೆ ಹತ್ತುವ ದಾರಿಯಲ್ಲಿ ನಡುವಟ್ಟಂ ಇದೆ. ಬ್ರಿಟಿಷರ ಕಾಲದಲ್ಲಿ ಮಲಯಾ ಕಡೆಯಿಂದ ತಂದ ಚೀನೀ ಕೈದಿಗಳು ಬಿಡುಗಡೆಯಾದ ಮೇಲೆ ಆ ಸುತ್ತಮುತ್ತ ನೆಲೆ ನಿಂತು, ತಮಿಳು ಪರೆಯ ಹೆಣ್ಣುಮಕ್ಕಳನ್ನು ಮದುವೆಯಾಗಿ ತರಕಾರಿ, ಕಾಫಿ ಬೆಳೆದು ಬದುಕಿದರು. ದಕ್ಷಿಣ ಭಾರತದ ಜಾತಿಗಳ ಮೇಲೆ 1909ರಲ್ಲಿ ಏಳು ಸಂಪುಟ ಹೊರತಂದ ಎಡ್ಗರ್ ಥರ್ಸ್ಟನ್ ಅವರನ್ನು ಕಂಡ. ಒಂದು ಕುಟುಂಬದ ತಲೆ ಎಷ್ಟು ಉದ್ದ, ಮೂಗು ಎಷ್ಟು ಅಗಲ ಎಂದು ಅಳೆದು ಪಟ್ಟಿ ಮಾಡಿದ. ಅಪ್ಪ: ಚೀನೀ. ಅಮ್ಮ: ಪರೆಯ. ಮಕ್ಕಳು: ಇಷ್ಟು ವಯಸ್ಸಿನ ಹುಡುಗಿ, ಇಷ್ಟು ವಯಸ್ಸಿನ ಹುಡುಗ. ಮೂಗಿಗೆ ಕಾಲಮ್ಮಿದೆ, ಹೆಸರಿಗೆ ಕಾಲಮ್ಮಿಲ್ಲ. ಇಬ್ಬರು ನೊಂದವರು ಕೂಡಿ ಬೆಟ್ಟದ ಮೇಲೆ ಒಂದು ಮನೆ ಕಟ್ಟಿದರು. ವಿಜ್ಞಾನ ಬಂದು ಬಾಗಿಲಲ್ಲಿ ನಿಂತು, ನಿಮ್ಮ ಹೆಸರೇನು ಎಂದು ಕೇಳದೆ ಮೂಗಿಗೆ ಕೈ ಹಾಕಿತು.

ಹೀಗಾಗಿ ನಮ್ಮ ತೀರ್ಮಾನ ಇಷ್ಟು. ಹೆಸರಿನ ನಿಜ ಅದರ ಕಾಗುಣಿತದಲ್ಲಿಲ್ಲ, ರಕ್ತದಲ್ಲೂ ಇಲ್ಲ. ಸಿನಿಮಾದ ಜಾಕಿ ಚಾನ್ ಇದ್ದಾನಲ್ಲ, ಅವನ ಅಪ್ಪನ ಹುಟ್ಟು ಹೆಸರು ಫಾಂಗ್. ಅಂತರ್ಯುದ್ಧದ ಕಾಲದಲ್ಲಿ ತಲೆ ಉಳಿಸಿಕೊಳ್ಳಲು ಹಾಂಗ್‌ಕಾಂಗಿಗೆ ಬಂದು ಚಾನ್ ಎಂದುಕೊಂಡವನು. ಹಾಗೆಂದು ಜಾಕಿ ಸುಳ್ಳು ಚಾನ್ ಆದನೇ? ಲೋಕದ ಹಳ್ಳಿಹಳ್ಳಿಯ ಹುಡುಗರು ಆ ಹೆಸರು ಕೂಗಿ ಗೋಡೆ ಹಾರಿದ್ದಾರೆ. ಹೆಸರು ದುಡಿದು ನಿಜವಾಗಿದೆ. ಹೆಸರಿನ ನಿಜ ಅದನ್ನು ಹೊತ್ತವನ ಸ್ವಾತಂತ್ರ್ಯದಲ್ಲಿದೆ. ಯೂಜೀನ್ ಚೆನ್ ಬದಲಿಸಿಕೊಂಡದ್ದು ಅವನ ಹಕ್ಕು. ತಾನ್ ಜೋ ಹೋಕ್ ಬದಲಿಸಬೇಕಾದದ್ದು ಅವಮಾನ. ಮೇಲುನೋಟಕ್ಕೆ ಎರಡೂ ಒಂದೇ ಥರ: ಹಳೆಯ ಹೆಸರಿಗೆ ಗೀಟು, ಹೊಸ ಹೆಸರಿಗೆ ಸಹಿ. ವ್ಯತ್ಯಾಸ ತಿಳಿಯಲು ಮೂರು ಪ್ರಶ್ನೆ ಕೇಳಿದರೆ ಸಾಕು. ಲೇಖನಿ ಯಾರ ಕೈಯಲ್ಲಿತ್ತು? ಹೆಸರಿನವನನ್ನು ಕೇಳಿದರೇ? ಬೇಡವೆಂದರೆ ಹಿಂದಕ್ಕೆ ಹೋಗಲು ದಾರಿ ಇತ್ತೇ? ಹೊಟ್ಟೆಯ ಪ್ರಶ್ನೆ ಮೊದಲು ಎನ್ನುವ ಗೆಳೆಯರಿಗೂ ಉತ್ತರ ಇಲ್ಲೇ ಇದೆ: ಕ್ಯೂಬಾದ ಕೂಲಿಗಳು ಹೊಟ್ಟೆಯ ನ್ಯಾಯ ಕೇಳಿದ್ದು ತಮ್ಮ ಹೆಸರು ಹೇಳಿಯೇ.

ಈ ಪತ್ರಿಕೆ ಓದುವವರಲ್ಲಿ ಬಹಳ ಜನ ಹಳ್ಳಿಯ ಮೇಷ್ಟರು. ಗಣತಿಗೆ ಮನೆಮನೆಗೆ ಹೋಗುವವರು, ಮತದಾರರ ಪಟ್ಟಿ ತಿದ್ದುವವರು, ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು ಮೊದಲ ಸಲ ಬರೆಯುವವರು. ಹೊನೊಲುಲುವಿನ ಗುಮಾಸ್ತ ಕೆಟ್ಟವನೇ ಆಗಿರಬೇಕಿಲ್ಲ. ಅವನಿಗೆ ಅವಸರವಿತ್ತು, ಎದುರಿಗಿದ್ದವನು ಬಡವನಾಗಿದ್ದ, ಇನ್ನೊಂದು ಸಲ ಕೇಳುವ ಅಗತ್ಯ ಕಾಣಲಿಲ್ಲ, ಅಷ್ಟೇ. ಅಂಥ ಅವಸರದ ಒಂದು ಗೀಟು ನಾಲ್ಕು ತಲೆಮಾರು ನಡೆಯಿತು. ಇವತ್ತು ನಮ್ಮಲ್ಲಿ ಆಧಾರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವರೂ ಅಂಥ ಅವಸರದ ಮಕ್ಕಳೇ. ಆದ್ದರಿಂದ ಜೂನ್ ತಿಂಗಳಲ್ಲಿ ಸ್ಲೇಟು ಹಿಡಿದು ಮಗು ಬಂದು ನಿಂತಾಗ ಮೊದಲು ಅದನ್ನೇ ಕೇಳೋಣ. ಅದು ಹೇಳಿದ್ದನ್ನೇ ಬರೆಯೋಣ. ಬರೆದದ್ದನ್ನು ಅದರ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿ, ಸರಿಯೇನವ್ವಾ ಎಂದು ಕೇಳೋಣ. ಅವಳು ಅಲ್ಲ ಎಂದರೆ ಹೊಡೆದು ಹಾಕಿ ಮತ್ತೆ ಬರೆಯೋಣ.